ಅಕ್ಕಿ ಗೋದಾಮಿನ ಮೇಲಿನ ಮಳೆಗಾಲ

ಹೋದ ವಾರ ನಾವುಂದದ ಸೊಸೈಟಿಗೆ ಅಕ್ಕಿ ತರಲು ಹೋಗಿದ್ದೆ. ಗೋದಾಮಿನ ಬಾಗಿಲು ತೆರೆದಿತ್ತು. ಒಳಗಿನಿಂದ ಗೋಣಿಚೀಲ, ಕುಚ್ಚಲಕ್ಕಿ, ಮಳೆಗೆ ಥಂಡಿ ಹಿಡಿದ ಗೋಡೆ ಎಲ್ಲ ಸೇರಿದ ಒಂದು ವಾಸನೆ ಬಂತು. ಕೈಚೀಲ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. "ಎಂತ ಚಂದ್ರಣ್ಣ, ಎಂತಾರೂ ಮರ್ತ್ ಹೋಯ್ತಾ?" ಎಂದು ಸೊಸೈಟಿಯವರು ಕೇಳಿದರು. ಇಲ್ಲ ಎಂದೆ. ಆ ಗೋದಾಮಿನ ಮೇಲಿನ ಮಾಳಿಗೆಯಲ್ಲಿ ಕೆಲವು ವರ್ಷಗಳ ಹಿಂದೆ ನಾನು ಒಂದು ಮಳೆಗಾಲ ಯೋಗ ಕಲಿತಿದ್ದೆ. ಈ ವಾಸನೆ ಆಗ ನೆಲದ ಹಲಗೆಗಳ ಸಂದಿನಿಂದ ಮೇಲೆ ಬರುತ್ತಿತ್ತು.

ಯೋಗ ಕಲಿಯಬೇಕೆಂದು ಆಸೆಪಟ್ಟು ಹೋದವನಲ್ಲ ನಾನು. ನಮ್ಮದು ಕಡಲ ಕೆಲಸ. ಜೂನ್ ಬಂತೆಂದರೆ ದೊಡ್ಡ ಬೋಟುಗಳೆಲ್ಲ ದಡ ಸೇರುತ್ತವೆ, ಆಮೇಲೆ ನಾಡದೋಣಿಯವರ ಕಾಲ. ಮಳೆ ಒಂದೆರಡು ದಿನ ಬಿಟ್ಟು ಕಡಲು ತುಸು ಇಳಿದರೆ ಸಾಕು, ದೋಣಿ ನೀರಿಗಿಳಿಯುತ್ತದೆ. ನಮ್ಮ ದೋಣಿಗೆ ಹಿರಿಯರು ಶೀನಣ್ಣ. ಅರವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ. ಗಾಳಿ ನೋಡಿ ಹೊರಡುವುದೋ ಬೇಡವೋ ಎಂದು ಹೇಳುವವರು ಅವರೇ. ಆ ವರ್ಷ ಮಳೆಗಾಲದ ಶುರುವಿನಲ್ಲೇ, ಮೀನು ತುಂಬಿಕೊಂಡು ವಾಪಸು ಬರುವಾಗ, ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಒಂದು ತೆರೆ ನಮ್ಮ ದೋಣಿಯನ್ನು ಅಡ್ಡ ತಿರುಗಿಸಿತು. ಅದರ ಹಿಂದೆಯೇ ಬಂದ ತೆರೆಗೆ ದೋಣಿ ಕವುಚಿತು.

ಬೇರೆಯವರೆಲ್ಲ ದೂರಕ್ಕೆ ಬಿದ್ದರು. ನಾನು ದೋಣಿಯ ಅಡಿಯಲ್ಲಿ ಸಿಕ್ಕಿಕೊಂಡೆ. ಕಾಲಿಗೆ ಬಲೆ ಸುತ್ತಿತ್ತು. ಕಣ್ಣು ಬಿಟ್ಟರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ದಡದಲ್ಲಿ ನೋಡುತ್ತಿದ್ದವರು ಒಂದು ನಿಮಿಷ ಇರಲಿಕ್ಕಿಲ್ಲ ಎಂದರು. ಶೀನಣ್ಣ ಅಡಿಗೆ ಮುಳುಗಿ ಬಲೆ ಕೊಯ್ದು ನನ್ನ ಅಂಗಿ ಹಿಡಿದು ಎಳೆದು ಹಾಕಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ದೋಣಿಯೂ ಸಿಕ್ಕಿತು. ವಾರದೊಳಗೆ ಉಳಿದವರೆಲ್ಲ ಮತ್ತೆ ಕಡಲಿಗೆ ಹೋದರು.

ನನಗೆ ಮಾತ್ರ ಆಗಲಿಲ್ಲ. ಬಚ್ಚಲಲ್ಲಿ ತಲೆಗೆ ಒಂದು ಚೊಂಬು ನೀರು ಹೊಯ್ದುಕೊಂಡರೆ ಎದೆ ಕಟ್ಟುತ್ತಿತ್ತು. ಒಮ್ಮೆ ಬೈಂದೂರಿಗೆ ಹೋಗುವಾಗ ಮಳೆ ಜೋರಾಗಿ ಬಸ್ಸಿನವರು ಎರಡೂ ಬದಿಯ ಟರ್ಪಾಲು ಇಳಿಸಿದರು. ನನಗೆ ಗಾಳಿಯೇ ಇಲ್ಲವಾಯಿತು. ಉಪ್ಪುಂದ ದಾಟುವ ಮೊದಲೇ ಬಸ್ಸು ನಿಲ್ಲಿಸಿ ಇಳಿದು, ಮಳೆಯಲ್ಲಿ ಹೆದ್ದಾರಿ ಬದಿಯಲ್ಲಿ ನಿಂತೆ. ಕುಂದಾಪುರದ ಡಾಕ್ಟರು ಎದೆಯ ಫೋಟೊ ತೆಗೆಸಿದರು, ಇಸಿಜಿ ಮಾಡಿಸಿದರು. ಎಲ್ಲ ಸರಿ ಇದೆ, ಹೆದರಿಕೆ ಕೂತಿದೆ, ನಿಧಾನಕ್ಕೆ ಹೋಗುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ತಿಂದರೆ ನಿದ್ದೆಯ ಮಂಪರು ಬರುತ್ತಿತ್ತು, ಹೆದರಿಕೆ ಹೋಗುತ್ತಿರಲಿಲ್ಲ.

ಊರಿನವರು ಕೆಟ್ಟವರಲ್ಲ. ಆದರೆ ಯಾರಾದರೂ ಸತ್ತಿದ್ದರೆ ಅವರಿಗೆ ಅರ್ಥವಾಗುತ್ತಿತ್ತೋ ಏನೋ. "ದೋಣಿ ಸಿಕ್ತ್, ಬಲೆ ಸಿಕ್ತ್, ಜೀವವೂ ಉಳಿತ್. ಇನ್ನೆಂತ ಮಾರಾಯ ನಿಂದ್?" ಎಂದು ಕೇಳುತ್ತಿದ್ದರು. 

ಯೋಗದ ಮಾತು ತೆಗೆದವಳು ನನ್ನ ಹೆಂಡತಿ ಲಲಿತ. ಅವಳು ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಅವಳ ಗಿರಾಕಿಗಳಲ್ಲಿ ವಸಂತಿ ಟೀಚರ್ ಒಬ್ಬರು. ಬ್ರಹ್ಮಾವರದ ಕಡೆಯ ಗದ್ದೆ-ತೋಟದವರ ಮನೆಯ ಮಗಳು. ಮದುವೆಯಾಗಿ ಮುಂಬೈಗೆ ಹೋಗಿ, ಗಂಡನ ಹೋಟೆಲಿನ ಮೇಲೆಯೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಸಾರ ಮಾಡಿ, ಈಗ ಗಂಡನ ಊರಿಗೆ ಬಂದು ನೆಲೆಸಿದ್ದರು. ಬೆಳಿಗ್ಗೆ ಸೊಸೈಟಿಯ ಮಾಳಿಗೆಯಲ್ಲಿ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು.

"ಯೋಗದ ಟೀಚರ್ ಮೀನ್ ತಿಂತ್ರಾ?" ಎಂದು ನಾನು ಕೇಳಿದೆ.

"ಬಂಗ್ಡಿ ಅಂದ್ರೆ ಜೀವ ಅವ್ರಿಗೆ. ಹ್ವಾಯ್, ನೀವ್ ಸುಮ್ನೆ ಮಾತ್ ತಪ್ಸುದ್ ಬ್ಯಾಡ. ನಾಳೆ ಬತ್ರ್ ಅಂದೇಳಿ ನಾ ಹೇಳಿ ಆಯ್ತ್" ಎಂದಳು ಲಲಿತ.

ಹೋದೆ. ಹೆಂಗಸರ ನಡುವೆ ನಾನೊಬ್ಬನೇ ಗಂಡಸು. ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು. ಕೈ ಎತ್ತುವುದು, ಬಗ್ಗುವುದು, ತಿರುಗುವುದು ಎಲ್ಲ ನಡೆಯಿತು. ಬಲೆ ಎಳೆದು ಪಳಗಿದ ಮೈ, ಅದೇನೂ ಕಷ್ಟವಾಗಲಿಲ್ಲ. ಕೊನೆಯಲ್ಲಿ ಎಲ್ಲರೂ ಮಲಗಿ ಕಣ್ಣು ಮುಚ್ಚಿ ಎಂದರು. ಹೊರಗೆ ಮಳೆ ಹೊಡೆಯುತ್ತಿತ್ತೆಂದು ಟೀಚರ್ ಕಿಟಕಿ ಬಾಗಿಲು ಎಳೆದು ದೀಪ ಆರಿಸಿದರು. ನಾನು ಕಣ್ಣು ಮುಚ್ಚಿದೆ. ಮಾಡಿನ ಮೇಲೆ ಬೀಳುವ ನೀರಿನ ಸದ್ದು ಹತ್ತಿರ ಹತ್ತಿರ ಬಂತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಯಾರದೋ ಕಾಲು ತುಳಿದೆ, ಬಾಗಿಲು ದಡ್ಡನೆ ತೆರೆದೆ, ಮೆಟ್ಟಿಲಿಳಿದು ಚಪ್ಪಲಿಯೂ ಇಲ್ಲದೆ ಮನೆಯವರೆಗೆ ಓಡಿದೆ.

ಆ ದಿನ ಲಲಿತ ಒಣಗಿದ ಪಂಚೆ ತಂದುಕೊಟ್ಟಳು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಗೋಡೆಗೆ ಮುಖ ಮಾಡಿ ಹೇಳಿದೆ.

ಮರುದಿನ ಮಧ್ಯಾಹ್ನ ಟೀಚರೇ ನಮ್ಮ ಮನೆಗೆ ಬಂದರು. ಕೊಡೆ ಮಡಚಿ ಜಗಲಿಯ ತುದಿಯಲ್ಲಿ ಇಟ್ಟು, ನಾನು ಕುರ್ಚಿ ತರುವ ಮೊದಲೇ ನೆಲದ ಮೇಲೆ ಕೂತರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಚಪ್ಪಲಿಗಳಿದ್ದವು.

"ತಪ್ಪ್ ನಂದ್ ಚಂದ್ರಣ್ಣ. ನಿಮ್ಮತ್ರ ಕೇಳ್ದೆ ಬಾಗ್ಲ್ ಹಾಕ್ದೆ" ಎಂದರು.

"ನಂಗೇ ಆತಿಲ್ಲ ಟೀಚರೆ. ಗಂಡ್ಸಾಯಿ ಹೆಂಗ್ಸ್ರ್ ಎದ್ರಿಗೆ ಓಡಿ ಬಂದೆ."

"ಓಡ್ರೆ ಎಂತಾಯ್ತ್? ಬಾಗ್ಲ್ ಇಪ್ಪುದ್ ಅದ್ಕೇ ಅಲ್ದಾ."

ಅವರು ದೋಣಿ ಕವುಚಿದ ಸುದ್ದಿ ಎತ್ತಲಿಲ್ಲ. ಆಗ ಸಿಕ್ಕಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ. ಇವರು, "ಉಸ್ರ್ ಕಟ್ಟುದ್ ಯಾವಾಗ ಅಂದೇಳಿ ಎಲ್ಲರೂ ಕೇಂತ್ರ್. ಉಸ್ರ್ ಸರಿ ಇಪ್ಪುದ್ ಯಾವಾಗ, ಅದನ್ನ ಹೇಳಿ ಕಾಂಬ" ಎಂದರು.

ನಾನು ಯೋಚಿಸಬೇಕಾಯಿತು. ಊಟ ಮಾಡುವಾಗ ಸರಿ ಇರುವುದಿಲ್ಲ. ಮಲಗಿದಾಗ ಇಲ್ಲವೇ ಇಲ್ಲ. ಕೊನೆಗೆ ಹೇಳಿದೆ: "ಬಲೆ ಹೆಣಿವಾಗ ಅಡ್ಡಿಲ್ಲ."

"ಹಾಂಗಾರೆ ಹೆಣಿನಿ. ನಾ ಕಾಂತೆ."

ಮೂಲೆಯಲ್ಲಿದ್ದ ಹರಿದ ಬಲೆ ಎಳೆದುಕೊಂಡು ಕೂತೆ. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಸೂಜಿ ಹಾಕಿ, ಗಂಟು ಬಿಗಿಯುತ್ತಾ ಹೋದೆ. ಟೀಚರ್ ನನ್ನ ಕೈಯನ್ನೇ ನೋಡುತ್ತಿದ್ದರು. ಲಲಿತ ಚಾ ತಂದಳು, ಅವರು ಕುಡಿದರು. ಹೆಂಚಿನಿಂದ ನೀರು ಅಂಗಳಕ್ಕೆ ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು, "ಗಂಟ್ ಬಿಗಿವಾಗ ನೀವ್ ಉಸ್ರ್ ಬಿಡ್ತ್ರಿ. ಗೊತ್ತಿತ್ತಾ ನಿಮ್ಗೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಮಾಡುತ್ತಿದ್ದ ಕೆಲಸ. ಅದರಲ್ಲಿ ಉಸಿರು ಎಲ್ಲಿ ಹೋಗುತ್ತದೆ, ಎಲ್ಲಿ ಬರುತ್ತದೆ ಎಂದು ನೋಡಿದವರು ಯಾರು?

"ದಿನಾ ಹೆಣಿನಿ, ಬಿಡುವಾಗ ಬಿಡ್ತಾ ಇದ್ದೆ ಅಂದೇಳಿ ಕಾಣಿ. ಅಷ್ಟೇ. ಉದ್ದ ಮಾಡುಕ್ ಹೋಪುದ್ ಬ್ಯಾಡ, ಹಿಡುದ್ ಬ್ಯಾಡವೇ ಬ್ಯಾಡ" ಎಂದು ಹೇಳಿ ಕೊಡೆ ಬಿಡಿಸಿ ಹೊರಟರು. ನನ್ನ ಮೊದಲ ಪಾಠ ಅದು. ಅದನ್ನು ಯೋಗ ಎಂದು ಯಾರಿಗಾದರೂ ಹೇಳಲು ನನಗೆ ನಾಚಿಕೆಯಾಗುತ್ತಿತ್ತು.

ವಾರ ಕಳೆದ ಮೇಲೆ ಮತ್ತೆ ಮಾಳಿಗೆಗೆ ಹೋದೆ. ಈ ಸಲ ನನ್ನ ಚಾಪೆಯನ್ನು ಬಾಗಿಲ ಬಳಿ ಹಾಸಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ಎರಚಲು ಒಳಗೆ ಬಂದು ಚಾಪೆಯ ತುದಿ ಒದ್ದೆಯಾಗುತ್ತಿತ್ತು. ಕಣ್ಣು ಮುಚ್ಚಬೇಕಾಗಿಲ್ಲ, ಸೊಸೈಟಿಯ ಎದುರಿನ ತೆಂಗಿನಮರ ನೋಡುತ್ತಾ ಮಾಡಿದರೆ ಸಾಕು ಎಂದರು. ಎಲ್ಲರೂ ಅಂಗಾತ ಮಲಗುವಾಗ ನಾನು ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ಬೇಡ ಅನಿಸಿದರೆ ಕೇಳದೆ ಎದ್ದು ಹೋಗಬಹುದು.

ನಿಧಾನಕ್ಕೆ ಗಮನಿಸಿದೆ, ನನಗೊಬ್ಬನಿಗೇ ಹೀಗಲ್ಲ. ದಿನವಿಡೀ ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುವ ಗಿರಿಜಕ್ಕನಿಗೆ ಟೀಚರ್ ಮುಂದೆ ಬಗ್ಗುವ ಯಾವುದನ್ನೂ ಕೊಡುತ್ತಿರಲಿಲ್ಲ. ಎದೆ ತೆರೆದು ಮೇಲೆ ನೋಡುವುದೇ ಅವರಿಗೆ ಪಾಠ. ಮಂಡಿ ನೋವಿನ ಒಬ್ಬರು ಕುರ್ಚಿಯಲ್ಲಿ ಕೂತೇ ಎಲ್ಲ ಮಾಡುತ್ತಿದ್ದರು. ಹೊಸದಾಗಿ ಬಂದವರನ್ನು ಟೀಚರ್ ಮೊದಲು ಸುಮ್ಮನೆ ನಡೆಸಿ ನೋಡುತ್ತಿದ್ದರು. ಕೆಲಸ ಎಂತದು, ಮಲಗುವುದು ಯಾವ ಮಗ್ಗುಲಲ್ಲಿ ಎಂದು ವಿಚಾರಿಸುತ್ತಿದ್ದರು. ನೋಡಿದವರಿಗೆ ಕ್ಲಾಸು ಅಂಕೆ ತಪ್ಪಿದ ಹಾಗೆ ಕಾಣುತ್ತಿತ್ತು: ಒಬ್ಬರು ನಿಂತಿದ್ದಾರೆ, ಒಬ್ಬರು ಕೂತಿದ್ದಾರೆ, ನಾನು ಬಾಗಿಲಾಚೆ ತೆಂಗಿನಮರ ನೋಡುತ್ತಿದ್ದೇನೆ.

ಜುಲೈ ಬಂತು. ಮಳೆ ಹಗಲು ರಾತ್ರಿ ಒಂದೇ ಸಮ. ಒಂದು ಸಂಜೆ ಶೀನಣ್ಣ ಮನೆಗೆ ಬಂದರು. ಜಗಲಿಗೆ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಮಾತಾಡಿದರು.

"ಆಸಾಡಿ ಅಮಾಸಿ ಕಳ್ದ್ರೆ ಕಡ್ಲ್ ಒಂಚೂರ್ ತಣಿತ್. ನೀ ಬತ್ಯಾ, ಬೇರೆಯವ್ರಿಗೆ ಹೇಳುದಾ?"

"ಬತ್ತೆ" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ.

ಶೀನಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ ಹೋದರು.

ನನಗೆ ಅವಸರ ಹತ್ತಿತು. ಬಲೆ ಹೆಣೆಯುತ್ತಾ ಉಸಿರು ನೋಡಿಕೊಂಡು ಕೂತರೆ ಅಮಾವಾಸ್ಯೆಯೊಳಗೆ ಸರಿಯಾಗುವುದುಂಟೇ? ಮೊಬೈಲಿನಲ್ಲಿ ಹುಡುಕಿದೆ. ಯಾರೋ ಒಬ್ಬರು ಉಸಿರು ಬಿಗಿಹಿಡಿದು ಕೂರುವುದನ್ನು ತೋರಿಸುತ್ತಿದ್ದರು. ಇದರಿಂದ ಎಂಥ ಭಯವೂ ಓಡಿಹೋಗುತ್ತದೆ ಎನ್ನುತ್ತಿದ್ದರು. ಕೋಣೆಯಲ್ಲಿ ಕೂತು ಹಾಗೇ ಮಾಡಿದೆ. ಎರಡನೆಯ ಸಲ ಹಿಡಿದಾಗಲೇ ದೋಣಿಯ ಅಡಿಯ ಕತ್ತಲೆ ಹಾಗೇ ಬಂದು ಕವಿಯಿತು. ಲಲಿತ ಓಡಿ ಬಂದಾಗ ನಾನು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆನಂತೆ.

ವಿಷಯ ತಿಳಿದು ಟೀಚರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದರೆ ನಡುವೆ ಹಿಂದಿ ನುಗ್ಗುತ್ತಿತ್ತು. "ಕ್ಯಾ ಜಲ್ದೀ ಹೈ, ಎಂತ ಅವ್ಸರ? ಹಿಡುದ್ ಬ್ಯಾಡ ಅಂದೇಳಿ ನಾ ಹೇಳ್ಲಿಲ್ಯಾ?" ಎಂದು ಎಲ್ಲರೆದುರಿಗೆ ಬೈದರು. ಆಮೇಲೆ, ಹೆಂಗಸರು ಚಾಪೆ ಸುತ್ತಿಕೊಂಡು ಹೋದ ಮೇಲೆ, ತಮ್ಮ ಕತೆ ಹೇಳಿದರು. ಮುಂಬೈಯಲ್ಲಿ ಅವರು ಮೊದಲು ಸೇರಿದ್ದು ಒಂದು ದೊಡ್ಡ ಕ್ಲಾಸು. ಅಲ್ಲಿ ಎಲ್ಲರಿಗೂ ಒಂದೇ ಪಾಠ. ಮುಂದೆ ನಿಂತ ಎಳೆಯ ಹುಡುಗಿಯರು ಮಾಡಿದ್ದನ್ನು ಎರಡು ಹೆರಿಗೆಯಾದ ಇವರೂ ಹಠ ಹಿಡಿದು ಮಾಡಿದರು. ಸೊಂಟ ಹಿಡಿದುಕೊಂಡಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇದ್ದರು. ಆಮೇಲೆ ಒಬ್ಬ ವಯಸ್ಸಾದ ಗುರು ಸಿಕ್ಕಿ, ಮಲಗಿದಲ್ಲೇ ಕಾಲ ಬೆರಳು ಆಡಿಸುವುದರಿಂದ ಅವರನ್ನು ಎಬ್ಬಿಸಿದರಂತೆ.

"ಹಾಂಗಾಯಿ ನಾ ಎಲ್ಲರತ್ರ ಅಷ್ಟ್ ಕೇಂಬುದ್. ನಿಮ್ಮ ಮೈ ಹೇಳುದ್ ನಂಗೆ ಗೊತ್ತಾತಿಲ್ಲ ಚಂದ್ರಣ್ಣ, ನಿಮ್ಗೇ ಗೊತ್ತಾಯ್ಕ್. ನೀವ್ ಹೇಳಿರೆ ಮಾತ್ರ ನಾ ಎಂತಾರೂ ಮಾಡುಕಾತ್ತ್" ಎಂದರು. ಸ್ವಲ್ಪ ತಡೆದು, "ದೋಣಿಗೆ ಹೋಪುದ್ ಯಾರ್ ಸಲುವಾಗಿ?" ಎಂದು ಕೇಳಿದರು.

"ಶೀನಣ್ಣ ಕರ್ದ್ರ್."

"ಅದ್ ಕರ್ದದ್ದ್. ಹೋಪುದ್ ಯಾರ್ ಸಲುವಾಗಿ ಅಂದ್ ಕೇಂಡದ್ದ್."

ನಾನು ಚಾಪೆ ಸುತ್ತಿ ಮೂಲೆಗಿಟ್ಟೆ. 

ಮತ್ತೆ ಮೊದಲಿನಿಂದ ಶುರುವಾಯಿತು. ನಿಂತು ಕೈ ಎತ್ತಿ ಇಳಿಸುವುದು, ಇಳಿಸುವಾಗ ಉಸಿರು ಬಿಡುವುದು. ಬಚ್ಚಲಿನಲ್ಲಿ ಮೊದಲು ಕಾಲಿಗೆ ನೀರು, ಕೆಲವು ದಿನದ ಮೇಲೆ ಹೆಗಲಿಗೆ. ತಲೆಗೆ ಹೊಯ್ದುಕೊಳ್ಳುವಾಗ ಕಣ್ಣು ತೆರೆದೇ ಇರಬೇಕು. ಇವೆಲ್ಲ ಅವರು ಕೂತು ನನ್ನನ್ನು ಕೇಳಿ ಕೇಳಿ ಮಾಡಿದ ಪಾಠಗಳು. ಒಂದು ಬೆಳಿಗ್ಗೆ ನಾನು ಬೇಗ ಹೋಗಿದ್ದೆ. ಅಂಗಾತ ಬೇಡ, ಮಗ್ಗುಲಲ್ಲಿ ಬಾಗಿಲ ಕಡೆ ಮುಖ ಮಾಡಿ ಮಲಗಿ ನೋಡಿ ಎಂದರು ಟೀಚರ್. ಮಲಗಿದೆ. ಎರಚಲಿನ ತಂಪು, ಕೆಳಗಿನಿಂದ ಅಕ್ಕಿಯ ವಾಸನೆ. ತೆಂಗಿನಮರ ನೋಡುತ್ತಿದ್ದೆ.

ಎಚ್ಚರವಾದಾಗ ನನ್ನ ಮೇಲೆ ಯಾರದೋ ಶಾಲು ಇತ್ತು. ತಲೆ ಎತ್ತಿ ನೋಡಿದರೆ ಹೆಂಗಸರೆಲ್ಲ ಬಂದು ಸಾಲಾಗಿ ನಿಂತು ಆಸನ ಮಾಡುತ್ತಿದ್ದರು. ಒಂದು ಮಾತಿಲ್ಲ. ಟೀಚರ್ ಎದುರು ನಿಂತು ಬರೀ ಕೈಸನ್ನೆಯಲ್ಲಿ ಕ್ಲಾಸು ನಡೆಸುತ್ತಿದ್ದರು. ಯಾವಾಗಲೂ ದೊಡ್ಡ ಬಾಯಿಯ ಗಿರಿಜಕ್ಕ ಕೂಡ ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದರು. ದೋಣಿ ಕವುಚಿದ ದಿನದಿಂದ ಹಗಲಲ್ಲಾಗಲಿ ರಾತ್ರಿಯಲ್ಲಾಗಲಿ ನಾನು ಹಾಗೆ ನಿದ್ದೆ ಮಾಡಿರಲಿಲ್ಲ. ಎದ್ದು ಕೂತಾಗ ಗಿರಿಜಕ್ಕ, "ಎದ್ರಾ? ಅಬ್ಬಾ, ಇನ್ ಮಾತಾಡ್ಲಕ್ಕಲ್ದಾ ಟೀಚರೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಮಾವಾಸ್ಯೆ ಕಳೆಯಿತು. ಮಳೆ ಬಿಟ್ಟುಬಿಟ್ಟು ಬರತೊಡಗಿತು. ಒಂದು ಬೆಳಿಗ್ಗೆ ಶೀನಣ್ಣ ಗಾಳಿ ನೋಡಿ ಹೊರಡುವ ಎಂದರು. ಲಲಿತ ಅಂಗಳದ ತುದಿಯವರೆಗೆ ಬಂದಳು. "ಆತಿಲ್ಲ ಅಂದ್ರೆ ದಡದಿಂದ ವಾಪಸ್ ಬನಿ. ನಾ ಎಂತ ಹೇಳುದಿಲ್ಲ" ಎಂದಳು.

ದಡದಿಂದ ವಾಪಸು ಬರಲಿಲ್ಲ. ದೋಣಿ ಹತ್ತಿದೆ. ಅಳಿವೆಯ ಬಾಯಿ ಹತ್ತಿರವಾದಂತೆ ಎದೆ ಬಿಗಿಯಿತು. ಕಣ್ಣು ಮುಚ್ಚಲಿಲ್ಲ. ಎದುರಿನ ತೆರೆಯನ್ನೇ ನೋಡುತ್ತಾ, ಬಲೆಯ ಗಂಟು ಬಿಗಿಯುವ ಹಾಗೆ ಉಸಿರು ಬಿಟ್ಟೆ. ದೋಣಿಯ ಮೂತಿ ಮೇಲೆದ್ದಿತು, ಇಳಿಯಿತು. ಮತ್ತೊಮ್ಮೆ ಎದ್ದಿತು. ಅಳಿವೆ ದಾಟಿದೆವು. ಆಚೆ ನಾನು ದೋಣಿಯಂಚಿಗೆ ಬಾಗಿ ವಾಂತಿ ಮಾಡಿಕೊಂಡೆ. ಯಾರೂ ನಗಲಿಲ್ಲ. ಸಾಧಾರಣ ಮೀನು ಸಿಕ್ಕಿತು. ಮಧ್ಯಾಹ್ನದೊಳಗೆ ಮರಳಿದೆವು. ಅಳಿವೆ ದಾಟಿ ಒಳಗೆ ಬರುವಾಗಲೂ ಹೆದರಿಕೆ ಇತ್ತು, ಆದರೆ ಅದು ನನ್ನ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬನ ಹಾಗಿತ್ತು.

ದಡಕ್ಕೆ ಬಂದ ಮೇಲೆ, ಉಳಿದವರು ಮೀನು ಇಳಿಸುತ್ತಿದ್ದಾಗ, ಶೀನಣ್ಣನ ಹತ್ತಿರ ಹೋದೆ. ಯಾರ ಸಲುವಾಗಿ ಎಂದು ಟೀಚರ್ ಕೇಳಿದ ಪ್ರಶ್ನೆಗೆ ಆ ಹೊತ್ತಿಗೆ ಉತ್ತರ ಸಿಕ್ಕಿತ್ತು.

"ಶೀನಣ್ಣ, ಮಳಿಗಾಲದ ದೋಣಿಗೆ ಇನ್ ನಾ ಬತ್ತಿಲ್ಲೆ. ಮಳಿ ಮುಗ್ದ್ ಮೇಲೆ ಬತ್ತೆ. ಅಲ್ಲಿವರಿಗೆ ಬಲೆ ಕೆಲ್ಸ ಪೂರಾ ನಾ ಮಾಡಿಕೊಡ್ತೆ."

"ಹೆದ್ರಿಕಿಯಾ?"

"ಹೆದ್ರಿಕಿ ಇತ್ತ್. ಆರೆ ಅದ್ಕಲ್ಲ. ಇವತ್ ಹೋಯಿ ಬಂದೆ ಅಲ್ದಾ? ಹೋಪುಕಾತ್ತ್ ಅಂದೇಳಿ ಗೊತ್ತಾಯ್ತ್. ಮರ್ಯಾದಿ ಸಲುವಾಗಿ ದಿನಾ ಹೋಪುದ್ ಬ್ಯಾಡ ಕಂಡ್ತ್."

ಬೈಯುತ್ತಾರೆ ಎಂದುಕೊಂಡಿದ್ದೆ. ಶೀನಣ್ಣ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು. "ಅಡ್ಡಿಲ್ಲ" ಎಂದಷ್ಟೇ ಹೇಳಿ ದೋಣಿಯ ಕಡೆ ನಡೆದರು.

ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಸೊಸೈಟಿಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ "ಹ್ವಾಯ್" ಎಂದು ಯಾರೋ ಕರೆದರು. ತಿರುಗಿದರೆ ಶೀನಣ್ಣ. ಒಗೆದ ಪಂಚೆ, ಇಸ್ತ್ರಿ ಅಂಗಿ, ಕೈಯಲ್ಲಿ ಕೊಡೆ. ಮದುವೆಗೆ ಹೊರಟವರ ಹಾಗಿದ್ದರು.

"ಮೇಲೆ ಹೆಂಗ್ಸ್ರ್ ನಗಾಡ್ತ್ರಾ?" ಎಂದು ಕೇಳಿದರು.

"ಮೊದ್ಲ್ ದಿನ ಒಂಚೂರ್" ಎಂದೆ.  ಇಬ್ಬರೂ ಮೇಲೆ ಹತ್ತಿದೆವು.

ಟೀಚರ್ ಅವರನ್ನು ಕೂರಿಸಿ, "ನೋವ್ ಎಲ್ಲ್ ಶೀನಣ್ಣ?" ಎಂದು ವಿಚಾರಿಸಿದರು.

"ನೋವೆಂತ ಇಲ್ಲ" ಎಂದರು ಶೀನಣ್ಣ. ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಸದ್ದ್ ಕೇಂತ್."

"ಎಂತ ಸದ್ದ್?"

ಅವರು ಟೀಚರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಇವ ಅಡಿಯಲ್ ಇಪ್ಪ ಹೊತ್ತಿಗೆ ದೋಣಿ ಬಡಿತಿದ್ದ. ಕೈಯಲ್. ಧಡ್ ಧಡ್ ಅಂದೇಳಿ. ಇವ್ನಿಗೆ ನೆನ್ಪಿಲ್ಲ ಕಾಣತ್ತ್. ನಾ ಮೇಲಿದ್ದೆ. ಯಾವ್ ಬದಿಯಿಂದ ಮುಳುಗ್ಕ್ ಅಂದೇಳಿ ಗೊತ್ತಾಯ್ಲಿಲ್ಲ. ಅಷ್ಟೊತ್ತಿಗೆ ಸದ್ದ್ ನಿಂತ್ ಹೋಯ್ತ್. ಈಗಳೂ ಉಂಬುಕೆ ಕೂಕಂಡ್ರೆ ಕೇಂತ್. ಆ ಸದ್ದಲ್ಲ. ನಿಂತದ್ದ್ ಕೇಂತ್."

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ.  ನಾನು ಶೀನಣ್ಣನ ಪಕ್ಕ ಹೋಗಿ ಕೂತೆ. ಅವರು ನನ್ನ ಅಂಗೈಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆ ದಿನ ಕ್ಲಾಸು ನಡೆಯಲಿಲ್ಲ. ಗಿರಿಜಕ್ಕ ಕೆಳಗೆ ಹೋಗಿ ಎಲ್ಲರಿಗೂ ಚಾ ಹೇಳಿ ಬಂದರು. ಶೀನಣ್ಣ ಗ್ಲಾಸು ಹಿಡಿದುಕೊಂಡು, ನಾನು ಅವರ ಬಾಯಿಂದ ಯಾವತ್ತೂ ಕೇಳಿರದಷ್ಟು ಮಾತಾಡಿದರು. ಟೀಚರ್ ನಡುವೆ ಒಂದೊಂದು ಕೇಳುತ್ತಿದ್ದರು, ಅಷ್ಟೇ.

ಮೆಟ್ಟಿಲಿಳಿಯುವಾಗ ಮಳೆ ನಿಂತಿತ್ತು. ಶೀನಣ್ಣ ಕೊನೆಯ ಮೆಟ್ಟಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ, "ಯೋಗ ಅಂದ್ರೆ ಇಷ್ಟೆಯಾ?" ಎಂದು ಕೇಳಿದರು.

"ಇವತ್ತಿಗೆ ಇಷ್ಟೇ ಅಂಬ್ರ್ ಟೀಚರ್" ಎಂದೆ.

"ಹಾಂಗಾರೆ ನಾಳೆಯೂ ಬಪ್ಪ" ಎಂದರು.